ಗ್ಲೂ ಡಾಟ್ ಸರಿಯಾದ ಜಾಗಕ್ಕೇ ಬಿತ್ತಾ? ಡಿಸ್ಪೆನ್ಸಿಂಗ್ ಮೆಷಿನ್‌ಗೆ ಕ್ಯಾಮೆರಾ ಹಾಕೋರು ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆ ಡಿಸ್ಪೆನ್ಸಿಂಗ್ ಸ್ಟೇಷನ್, ಅಂದ್ರೆ ಸಿರಿಂಜಿಂದ ಪೀಸ್ ಮೇಲೆ ಗ್ಲೂ ಹಾಕೋ ಮೆಷಿನ್, ಸೆಟ್ ಮಾಡೋದು ನನ್ನ ಕೆಲಸ. ಎಪಾಕ್ಸಿ, ಸಿಲಿಕೋನ್, ಯುವಿ ಗ್ಲೂ, ಗ್ರೀಸ್, ಸೋಲ್ಡರ್ ಪೇಸ್ಟ್, ಸಿರಿಂಜಲ್ಲಿ ಹಾಕೋಕಾಗೋದು ಏನೇ ಇರ್ಲಿ, ಪ್ರಶ್ನೆ ಮಾತ್ರ ಹೆಚ್ಚು ಕಮ್ಮಿ ಇವೇ ಬರ್ತವೆ. ಫೋನಲ್ಲಿ ಹತ್ತು ಸಲ ಹೇಳೋದನ್ನ ಇಲ್ಲಿ ಒಂದು ಸಲ ಬರೆದಿಟ್ಟಿದೀನಿ.

ಮೆಷಿನ್ ಕ್ಯಾಟಲಾಗಲ್ಲಿ ರಿಪೀಟಬಿಲಿಟಿ ಪ್ಲಸ್ ಮೈನಸ್ 10 ಮೈಕ್ರಾನ್ ಅಂತ ಇದೆ, ಇನ್ನೂ ಕ್ಯಾಮೆರಾ ಯಾಕೆ?

ಆ 10 ಮೈಕ್ರಾನ್ ಇರೋದು ಹೆಡ್ ಓಡಿಸೋ ಆಕ್ಸಿಸ್‌ಗೆ, ಗ್ಲೂಗಲ್ಲ. ಮೋಟರ್ ಹೆಡ್ಡನ್ನ ಅದೇ ಜಾಗಕ್ಕೆ ಮತ್ತೆ ಮತ್ತೆ ತಂದು ನಿಲ್ಲಿಸತ್ತೆ ಅಂತ ಅಷ್ಟೇ ಅದರರ್ಥ. ಆಮೇಲೆ ಹೆಡ್ಡಿಂದ ಕೆಳಗೆ ಸಿರಿಂಜ್ ಹೋಲ್ಡರ್ ಇದೆ, ನೀಡಲ್ ಇದೆ, ನೀಡಲ್ ಒಂಚೂರು ಸೊಟ್ಟ ಇರಬಹುದು, ಗ್ಲೂ ಬಾಲ ಎಳೆದು ಪಕ್ಕಕ್ಕೆ ಬೀಳಬಹುದು, ಕೆಳಗೆ ಪೀಸ್ ಹಿಡಿಯೋ ಫಿಕ್ಸ್ಚರಲ್ಲಿ ಅದು ಸರಿಯಾಗಿ ಕೂತಿಲ್ದೇ ಇರಬಹುದು, ಪೀಸೇ ಮೋಲ್ಡಿಂಗಲ್ಲಿ 50 ಮೈಕ್ರಾನ್ ಹೆಚ್ಚು ಕಮ್ಮಿ ಬಂದಿರಬಹುದು. ಇವೆಲ್ಲಾ ಸೇರಿದ ಮೇಲೆ ಡಾಟ್ ಎಲ್ಲಿ ಬಿತ್ತು ಅನ್ನೋದನ್ನ ಕ್ಯಾಟಲಾಗ್ ಹೇಳಲ್ಲ, ಬಿದ್ದ ಡಾಟನ್ನೇ ನೋಡ್ಬೇಕು.

ಕ್ಯಾಮೆರಾ ಯಾವುದರಿಂದ ಅಳೀಬೇಕು? ಮೆಷಿನ್ ಝೀರೋ ಇಂದಾನಾ?

ಬೇಡ. ಪೀಸ್ ಮೇಲೇ ಇರೋ ಗುರುತಿನಿಂದ ಅಳೀರಿ. ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಆದ್ರೆ ಫಿಡುಶಿಯಲ್ ಅನ್ನೋ ಗುರುತು ಇರತ್ತೆ, ಸಾಮಾನ್ಯವಾಗಿ 1 ಎಂಎಂ ದುಂಡು ತಾಮ್ರದ ಚುಕ್ಕೆ, ಸುತ್ತ ಮಾಸ್ಕ್ (ಬೋರ್ಡ್ ಮೇಲಿನ ಲೇಪ) ತೆಗೆದಿರ್ತಾರೆ. ಪ್ಲಾಸ್ಟಿಕ್ ಅಥವಾ ಮೆಟಲ್ ಹೌಸಿಂಗ್ ಆದ್ರೆ ಡ್ರಾಯಿಂಗಲ್ಲಿ ಡೇಟಮ್ (ಅಳತೆಗೆ ಆಧಾರ) ಅಂತ ಯಾವ ಹೋಲ್, ಯಾವ ಎಡ್ಜ್ ಕೊಟ್ಟಿದಾರೋ ಅದನ್ನೇ ಹಿಡೀರಿ. ಎರಡು ಗುರುತು ಸಿಕ್ಕಿದ್ರೆ ಪೀಸ್ ಎಷ್ಟು ಜರುಗಿದೆ, ಎಷ್ಟು ತಿರುಗಿದೆ ಎರಡೂ ಗೊತ್ತಾಗತ್ತೆ. ಗ್ಲೂ ಮೇಲೆ ಕೂರೋ ಕಾಂಪೊನೆಂಟ್‌ಗೆ ನಿಮ್ಮ ಮೆಷಿನ್ ಝೀರೋ ಎಲ್ಲಿದೆ ಅಂತ ಬೇಕಾಗಿಲ್ಲ, ಅದು ಕೂರೋ ಪ್ಯಾಡಿಂದ ಡಾಟ್ ಎಷ್ಟು ದೂರ ಅನ್ನೋದೇ ಬೇಕಾಗಿರೋದು.

ಎಷ್ಟು ಮೆಗಾಪಿಕ್ಸೆಲ್ ತಗೋಬೇಕು?

ಮೆಗಾಪಿಕ್ಸೆಲ್ ಇಂದ ಶುರು ಮಾಡ್ಬೇಡಿ, ಟಾಲರೆನ್ಸಿಂದ, ಅಂದ್ರೆ ಎಷ್ಟು ತಪ್ಪು ನಡೆಯತ್ತೆ ಅನ್ನೋ ಮಿತಿಯಿಂದ, ಶುರು ಮಾಡಿ. ಡ್ರಾಯಿಂಗಲ್ಲಿ ಪ್ಲಸ್ ಮೈನಸ್ 0.1 ಎಂಎಂ ಇದ್ರೆ ಅದರ ಹತ್ತನೇ ಒಂದು ಭಾಗ, ಅಂದ್ರೆ 10 ಮೈಕ್ರಾನ್, ನಿಮ್ಮ ಕ್ಯಾಮೆರಾಗೆ ನಂಬಿಕೆಯಿಂದ ಕಾಣ್ಬೇಕು. 5 ಮೆಗಾಪಿಕ್ಸೆಲ್ ಸೆನ್ಸರಲ್ಲಿ ಅಡ್ಡಕ್ಕೆ 2448 ಪಿಕ್ಸೆಲ್ ಇರತ್ತೆ, ನೀವು ನೋಡೋ ಜಾಗ 20 ಎಂಎಂ ಅಗಲ ಇದ್ರೆ ಒಂದು ಪಿಕ್ಸೆಲ್‌ಗೆ ಸುಮಾರು 8 ಮೈಕ್ರಾನ್ ಬೀಳತ್ತೆ, ಸಾಕು. ಅದೇ ಕ್ಯಾಮೆರಾದಲ್ಲಿ 100 ಎಂಎಂ ಅಗಲ ಒಂದೇ ಸಲಕ್ಕೆ ನೋಡ್ತೀನಿ ಅಂದ್ರೆ ಪಿಕ್ಸೆಲ್‌ಗೆ 40 ಮೈಕ್ರಾನ್ ದಾಟತ್ತೆ, ಆಗ ಸಬ್‌ಪಿಕ್ಸೆಲ್ (ಪಿಕ್ಸೆಲ್‌ಗಿಂತ ಚಿಕ್ಕದನ್ನ ಸಾಫ್ಟ್‌ವೇರ್ ಅಂದಾಜಿಸೋದು) ಮೇಲೆ ಭಾರ ಹಾಕಿ ಕೂರೋದು ನನಗೆ ಇಷ್ಟ ಇಲ್ಲ. ಅಂಥ ಕಡೆ ಕ್ಯಾಮೆರಾನ ಹೆಡ್ ಮೇಲೇ ಕಟ್ಟಿ ಒಂದೊಂದು ಜಾಗಕ್ಕೆ ಹೋಗಿ ನೋಡೋದು ವಾಸಿ. ಕಲರ್ ಕ್ಯಾಮೆರಾ ಬೇಡ, ಅಳತೆಗೆ ಮೊನೊಕ್ರೋಮೇ ಸರಿ, ಕಲರ್ ಸೆನ್ಸರಲ್ಲಿ ಪಕ್ಕದ ಪಿಕ್ಸೆಲ್‌ಗಳಿಂದ ಬಣ್ಣ ಲೆಕ್ಕ ಹಾಕೋವಾಗ ಎಡ್ಜ್ ಮಸುಕಾಗತ್ತೆ. ಗ್ಲೋಬಲ್ ಶಟರ್ (ಇಡೀ ಇಮೇಜನ್ನ ಒಂದೇ ಕ್ಷಣಕ್ಕೆ ಹಿಡಿಯೋದು) ಇರೋದೇ ತಗೊಳ್ಳಿ.

ಟೆಲಿಸೆಂಟ್ರಿಕ್ ಲೆನ್ಸ್ ರೇಟ್ ಜಾಸ್ತಿ, ಮಾಮೂಲಿ ಲೆನ್ಸ್ ಆಗಲ್ವಾ?

ಪೀಸ್ ಎತ್ತರ ಬದಲಾಗದೇ ಇದ್ರೆ ಆಗತ್ತೆ. ಬದಲಾಗತ್ತೆ ಅಂದ್ರೆ ಲೆಕ್ಕ ಹಾಕಿ ನೋಡಿ: ಲೆನ್ಸಿಂದ ಪೀಸ್‌ಗೆ 150 ಎಂಎಂ ದೂರ, ಡಾಟ್ ಇರೋದು ಇಮೇಜ್ ಮಧ್ಯದಿಂದ 10 ಎಂಎಂ ಆಚೆ, ಪೀಸ್ 1 ಎಂಎಂ ಮೇಲೆ ಕೂತ್ರೆ ಡಾಟ್ ಸುಮಾರು 67 ಮೈಕ್ರಾನ್ ಹೊರಕ್ಕೆ ಜರುಗಿದ ಹಾಗೆ ಕಾಣತ್ತೆ. ನಿಜವಾಗ್ಲೂ ಡಾಟ್ ಕದಲೇ ಇಲ್ಲ! ಟೆಲಿಸೆಂಟ್ರಿಕ್ ಲೆನ್ಸಲ್ಲಿ ದೂರ ಬದಲಾದ್ರೂ ಅಳತೆ ಬದಲಾಗಲ್ಲ, ಈ ತೊಂದರೆ ಹೆಚ್ಚು ಕಮ್ಮಿ ಹೋಗತ್ತೆ. ದುಡ್ಡು ಇಲ್ಲ ಅಂದ್ರೆ ಇನ್ನೊಂದು ದಾರಿ, ಅಳಿಯೋ ಡಾಟನ್ನ ಯಾವಾಗ್ಲೂ ಇಮೇಜ್ ಮಧ್ಯಕ್ಕೇ ತಂದು ಅಳೀರಿ, ಮಧ್ಯದಲ್ಲಿ ಎತ್ತರದ ತಪ್ಪು ತೀರಾ ಕಮ್ಮಿ.

ಲೈಟಿಂಗ್ ಬಗ್ಗೆ ಯಾಕೆ ಇಷ್ಟು ಒತ್ತಿ ಹೇಳ್ತೀರಾ?

ಯಾಕಂದ್ರೆ ನಾನು ಹೋಗಿ ನೋಡಿದ ತೊಂದರೆಗಳಲ್ಲಿ ಸಾಫ್ಟ್‌ವೇರ್ ತೊಂದರೆ ಅಂತ ಕರೆದದ್ದು ಎಷ್ಟೋ ಸಲ ಲೈಟ್ ತೊಂದರೆ. ಗ್ಲೂ ಡಾಟ್ ಅಂದ್ರೆ ಚಿಕ್ಕ ಗುಮ್ಮಟ, ಕನ್ನಡಿ ಥರ ಹೊಳೆಯತ್ತೆ, ಪಕ್ಕದಿಂದ ಒಂದು ಲೈಟ್ ಬಿಟ್ರೆ ಗುಮ್ಮಟದ ಒಂದು ಕಡೆ ಬಿಳಿ ಹೊಳಪು ಬೀಳತ್ತೆ, ಸಾಫ್ಟ್‌ವೇರ್ ಆ ಹೊಳಪನ್ನೂ ಸೇರಿಸಿ ಸೆಂಟರ್ ಹುಡುಕತ್ತೆ, ಸೆಂಟರ್ ಲೈಟ್ ಇರೋ ಕಡೆಗೆ ಜರುಗತ್ತೆ. ನೀವು ಆಫ್‌ಸೆಟ್ ತಿದ್ದುತ್ತಾ ಕೂತ್ಕೋತೀರ, ತಿದ್ದಿದಷ್ಟೂ ಗ್ಲೂ ನಿಜವಾಗ್ಲೂ ತಪ್ಪು ಜಾಗಕ್ಕೆ ಹೋಗತ್ತೆ. ಅದಕ್ಕೆ ಹೊಳೆಯೋ ಗ್ಲೂಗೆ ಡೋಮ್ ಲೈಟ್, ಎಲ್ಲಾ ಕಡೆಯಿಂದ ಸಮ ಬೆಳಕು. ಡಾಟಿನ ಒಳಗಡೆ ಏನಿದೆ ಅಂತ ನೋಡದೆ ಹೊರಗಿನ ಅಂಚಿಗೆ ವೃತ್ತ ಕೂರಿಸಿ ಸೆಂಟರ್ ತೆಗೀರಿ.

ನೀರಿನ ಥರ ಇರೋ ಯುವಿ ಗ್ಲೂ ಆದ್ರೆ ಇನ್ನೊಂದು ಕಷ್ಟ, ಗ್ಲೂ ಕಾಣೋದೇ ಇಲ್ಲ, ಕೆಳಗಿರೋದು ಕಾಣತ್ತೆ. ಇಂಥ ಗ್ಲೂಗಳಲ್ಲಿ ಹೊಳೆಯೋ ಡೈ ಸೇರಿಸಿರೋ ಗ್ರೇಡ್ ಸಿಗತ್ತೆ, 365 ಎನ್‌ಎಂ ಸುತ್ತಮುತ್ತಲ ಯುವಿ ಲೈಟ್ ಬಿಟ್ರೆ ಗ್ಲೂ ಮಾತ್ರ ನೀಲಿಯಾಗಿ ಮಿನುಗತ್ತೆ, ಲೆನ್ಸ್ ಮುಂದೆ ಯುವಿ ತಡೆಯೋ ಫಿಲ್ಟರ್ ಹಾಕಿದ್ರೆ ಬ್ಯಾಕ್‌ಗ್ರೌಂಡ್ ಕಪ್ಪಾಗತ್ತೆ, ಅಳಿಯೋದು ಸಲೀಸು. ಆದ್ರೆ ಒಂದು ಎಚ್ಚರ, ಅದೇ ಯುವಿ ಲೈಟಿಗೆ ಗ್ಲೂ ಕ್ಯೂರ್ ಆಗೋಕೂ (ಗಟ್ಟಿಯಾಗೋಕೂ) ಶುರುವಾಗಬಹುದು, ಫೋಟೋ ತೆಗೆಯೋ ಹೊತ್ತಿಗೆ ಮಾತ್ರ ಫ್ಲ್ಯಾಶ್ ಮಾಡಿ, ಸದಾ ಆನ್ ಇಡ್ಬೇಡಿ, ನೀಡಲ್ ತುದಿಗಂತೂ ಬೀಳೋಕೇ ಬಿಡ್ಬೇಡಿ.

ಹೊರಗಿನ ಬೆಳಕು ಸಣ್ಣ ವಿಷಯ ಅನ್ಕೋಬೇಡಿ. ಪೀಣ್ಯದಲ್ಲಿ ಒಂದು ಕಡೆ ಸಂಜೆ ನಾಲ್ಕರಿಂದ ಐದೂವರೆವರೆಗೆ ಮಾತ್ರ ರಿಜೆಕ್ಷನ್ ಬರ್ತಿತ್ತು, ಮೂರು ದಿನ ಗ್ಲೂ ಬ್ಯಾಚ್ ಬದಲಾಯಿಸಿ ನೋಡಿದ್ರು, ಏನೂ ಇಲ್ಲ, ಪಶ್ಚಿಮಕ್ಕಿರೋ ರೋಲಿಂಗ್ ಶಟರ್ ಬಾಗಿಲು ಅರ್ಧ ತೆಗೆದಿರ್ತಿದ್ರು, ಇಳಿ ಬಿಸಿಲು ನೇರ ಮೆಷಿನ್ ಒಳಕ್ಕೆ. ಕಪ್ಪು ಅಕ್ರಿಲಿಕ್ ಶೀಟ್ ಸುತ್ತ ಹಾಕಿದ್ವಿ, ಅಲ್ಲಿಗೆ ಮುಗೀತು.

ನೀಡಲ್ ಆಫ್‌ಸೆಟ್ ಅಂದ್ರೆ ಏನು, ಎಷ್ಟು ಸಲ ಮಾಡ್ಬೇಕು?

ಇದನ್ನ ಸ್ವಲ್ಪ ನಿಧಾನವಾಗಿ ಓದಿ, ಅರ್ಧ ತೊಂದರೆ ಇಲ್ಲೇ ಇರೋದು. ಹೆಡ್ ಮೇಲೆ ಕ್ಯಾಮೆರಾ ಒಂದು ಕಡೆ, ನೀಡಲ್ ಒಂದು ಕಡೆ. ಕ್ಯಾಮೆರಾ ಪ್ಯಾಡ್ ಹುಡುಕಿ ಇಲ್ಲಿದೆ ಅಂತ ಹೇಳಿದ ಮೇಲೆ ಅಲ್ಲಿಗೆ ನೀಡಲ್ ತರೋಕೆ ಎಕ್ಸ್ ಅಲ್ಲಿ ಎಷ್ಟು, ವೈ ಅಲ್ಲಿ ಎಷ್ಟು ಸರಿಸ್ಬೇಕು ಅನ್ನೋ ಎರಡು ಸಂಖ್ಯೆ ಅದು. ಈ ಎರಡು ಸಂಖ್ಯೆ ತಪ್ಪಿದ್ರೆ ಮಿಕ್ಕಿದ್ದೆಲ್ಲಾ ಎಷ್ಟೇ ಚೆನ್ನಾಗಿದ್ರೂ ಅಷ್ಟೂ ಡಾಟ್ ತಪ್ಪು.

ತೆಗೆಯೋ ರೀತಿ ಸುಲಭ, ಒಂದು ಚಪ್ಪಟೆ ಪ್ಲೇಟ್ ಮೇಲೆ ಡಾಟ್ ಹಾಕಿ, ಕ್ಯಾಮೆರಾನ ಅದರ ಮೇಲೆ ತನ್ನಿ, ಸೆಂಟರ್ ಹುಡುಕಿ, ಎರಡು ಪೊಸಿಷನ್‌ಗಿರೋ ವ್ಯತ್ಯಾಸವೇ ಆಫ್‌ಸೆಟ್. ಒಂದೇ ಡಾಟ್ ಹಾಕಿ ಮುಗಿಸೋರು ಬಹಳ ಜನ, ದಯವಿಟ್ಟು ಹಾಗೆ ಮಾಡ್ಬೇಡಿ, ಹತ್ತಾದ್ರೂ ಹಾಕಿ ಸರಾಸರಿ ತಗೊಳ್ಳಿ, ಮೊದಲ ಎರಡು ಮೂರು ಡಾಟ್ ಲೆಕ್ಕಕ್ಕೆ ತಗೋಬೇಡಿ, ನಿಂತಿದ್ದ ನೀಡಲ್‌ನ ತುದಿಯಲ್ಲಿ ಗ್ಲೂ ಗಟ್ಟಿಯಾಗಿರತ್ತೆ.

ಇನ್ನೊಂದು, ಪ್ರೊಡಕ್ಷನಲ್ಲಿ ನೀಡಲ್ ಯಾವ ಎತ್ತರಕ್ಕೆ ಇಳಿಯತ್ತೋ ಆಫ್‌ಸೆಟ್ ಪ್ಲೇಟೂ ಅದೇ ಎತ್ತರದಲ್ಲಿರ್ಲಿ. ಝಡ್ ಆಕ್ಸಿಸ್ ಇಳಿಯೋ ದಾರಿ ಒಂದು ಡಿಗ್ರಿ ವಾಲಿದ್ರೂ 3 ಎಂಎಂ ಎತ್ತರ ಬದಲಾದ್ರೆ ತುದಿ 52 ಮೈಕ್ರಾನ್ ಪಕ್ಕಕ್ಕೆ ಹೋಗತ್ತೆ. ನಿಮ್ಮ ಟಾಲರೆನ್ಸಲ್ಲಿ ಅರ್ಧ ಅಲ್ಲೇ ಹೋಯ್ತು.

ಎಷ್ಟು ಸಲ ಅಂದ್ರೆ, ನೀಡಲ್ ಬದಲಾಯಿಸಿದಾಗೆಲ್ಲಾ, ಸಿರಿಂಜ್ ಬದಲಾಯಿಸಿದಾಗೆಲ್ಲಾ, ನೀಡಲ್ ಎಲ್ಲಾದ್ರೂ ತಾಗಿತು ಅಂತ ಅನುಮಾನ ಬಂದಾಗ, ಶಿಫ್ಟ್ ಶುರುವಲ್ಲಿ. ಇದನ್ನ ಆಪರೇಟರ್ ನೆನಪಿಗೆ ಬಿಡ್ಬೇಡಿ. ನೀಡಲ್ ಚೇಂಜ್ ಅಂತ ಸ್ಕ್ರೀನಲ್ಲಿ ಒತ್ತಿದ್ರೆ ಆಫ್‌ಸೆಟ್ ಆಗೋವರೆಗೆ ಸೈಕಲ್ ಸ್ಟಾರ್ಟ್ ಆಗಬಾರದು, ಹಾಗೆ ಪ್ರೋಗ್ರಾಂ ಮಾಡಿಸಿ. ರಾತ್ರಿ ಎರಡು ಗಂಟೆಗೆ ಟಾರ್ಗೆಟ್ ತಲೆ ಮೇಲೆ ಇಟ್ಕೊಂಡು ಕೆಲಸ ಮಾಡೋ ಹುಡುಗನ ಮೇಲೆ ಅದೂ ಒಂದು ಜವಾಬ್ದಾರಿ ಹೊರಿಸೋದು ನ್ಯಾಯ ಅಲ್ಲ.

ನಮ್ಮ ಕ್ಯಾಮೆರಾದಲ್ಲಿ ಎಲ್ಲಾ ಓಕೆ, ಕಸ್ಟಮರ್ ಅಳೆದ್ರೆ 60 ಮೈಕ್ರಾನ್ ಆಚೆ. ಯಾರು ಸರಿ?

ಸಾಮಾನ್ಯವಾಗಿ ಕಸ್ಟಮರ್. ಟೈಲರ್ ಹತ್ರ ಇರೋ ಟೇಪ್ ಎಳೆದೆಳೆದು ಉದ್ದ ಆಗಿದೆ ಅನ್ಕೊಳ್ಳಿ, ಅದೇ ಟೇಪಲ್ಲಿ ಬಟ್ಟೆ ಕತ್ತರಿಸಿ, ಹೊಲಿದಾದ ಮೇಲೆ ಅದೇ ಟೇಪಲ್ಲಿ ಅಳೆದು ನೋಡಿದ್ರೆ ಸರಿಯಾಗೇ ಇರತ್ತೆ. ನಿಮ್ಮ ಮೆಷಿನಲ್ಲೂ ಫಿಡುಶಿಯಲ್ ಹುಡುಕೋದು, ನೀಡಲ್ ಆಫ್‌ಸೆಟ್ ತೆಗೆಯೋದು, ಕೊನೆಗೆ ಡಾಟ್ ಚೆಕ್ ಮಾಡೋದು ಮೂರೂ ಒಂದೇ ಕ್ಯಾಮೆರಾ, ಒಂದೇ ಆಕ್ಸಿಸ್. ಕ್ಯಾಮೆರಾದ ಸ್ಕೇಲ್ (ಒಂದು ಪಿಕ್ಸೆಲ್‌ಗೆ ಎಷ್ಟು ಮೈಕ್ರಾನ್ ಅನ್ನೋ ಲೆಕ್ಕ) ತಪ್ಪಿದ್ರೆ ಮೂರು ಕಡೆಯೂ ಒಂದೇ ಥರ ತಪ್ಪತ್ತೆ, ತಪ್ಪಿಗೆ ತಪ್ಪು ಕಳೆದುಹೋಗಿ ಸೊನ್ನೆ ಕಾಣತ್ತೆ.

ಆದ್ದರಿಂದ ಹೊರಗಿನ ಅಳತೆ ಒಂದು ಬೇಕೇ ಬೇಕು. ಗ್ಲಾಸ್ ಮೇಲೆ ಕ್ರೋಮ್ ಚುಕ್ಕೆ ಅಥವಾ ಚೆಕ್ಕರ್‌ಬೋರ್ಡ್ ಅಚ್ಚಾಗಿರೋ ಕ್ಯಾಲಿಬ್ರೇಷನ್ ಪ್ಲೇಟ್ ಸರ್ಟಿಫಿಕೇಟ್ ಜೊತೆ ತಗೊಳ್ಳಿ, ಪ್ರಿಂಟರಲ್ಲಿ ಪೇಪರ್ ಮೇಲೆ ತೆಗೆದ ಚೆಕ್ಕರ್‌ಬೋರ್ಡ್ ಕಲಿಯೋಕೆ ಆಯ್ತು, ಅಳತೆಗಲ್ಲ. ತಿಂಗಳಿಗೊಂದು ಸಲ ಹತ್ತು ಪೀಸ್ ತಗೊಂಡು ಬೇರೆ ವಿಡಿಯೋ ಮೆಷರಿಂಗ್ ಮೆಷಿನಲ್ಲಿ ಅಳೆಸಿ ನಿಮ್ಮ ನಂಬರ್ ಪಕ್ಕ ಇಟ್ಟು ನೋಡಿ. ಬೆಂಗಳೂರಲ್ಲಿ ಇದಕ್ಕೆ ಕಷ್ಟ ಪಡಬೇಕಾಗಿಲ್ಲ, ತುಮಕೂರು ರಸ್ತೆಯಲ್ಲಿ 1962ರಿಂದ ಸಿಎಂಟಿಐ (ಕೇಂದ್ರ ಸರ್ಕಾರದ ತಯಾರಿಕಾ ತಂತ್ರಜ್ಞಾನ ಸಂಸ್ಥೆ) ಇದೆ, ಅಳತೆಶಾಸ್ತ್ರ ಅಲ್ಲಿನ ಮುಖ್ಯ ಕೆಲಸಗಳಲ್ಲಿ ಒಂದು, ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋ ಖಾಸಗಿ ಲ್ಯಾಬ್‌ಗಳೂ ಇವೆ.

ಓಕೆ, ಎನ್‌ಜಿ (ನಾಟ್ ಗುಡ್) ಅಂತ ಬಂದ್ರೆ ಸಾಲ್ದಾ? ಎಕ್ಸ್ ವೈ ನಂಬರ್ ಇಟ್ಕೊಂಡು ಏನು ಮಾಡೋದು?

ನಾನು ಎಲ್ಲರಿಗೂ ಹೇಳೋ ಒಂದೇ ಮಾತಿದ್ರೆ ಇದು: ತಪ್ಪು ಎಷ್ಟು ಅನ್ನೋದಕ್ಕಿಂತ ಯಾವ ಕಡೆಗೆ ಅನ್ನೋದು ಮುಖ್ಯ. ಪೀಸಿನ ಚಿತ್ರ ಬರೆದು, ಪ್ರತಿ ಡಾಟ್ ಜಾಗದಲ್ಲೂ ಅದು ಎತ್ತ ಜರುಗಿದೆಯೋ ಅತ್ತ ಒಂದು ಬಾಣ ಹಾಕಿ, ಬಾಣ ಚಿಕ್ಕದಾದ್ರೆ ನೂರು ಪಟ್ಟು ದೊಡ್ಡದು ಮಾಡಿ ಬರೀರಿ. ಐದು ನಿಮಿಷದ ಕೆಲಸ, ಎಕ್ಸೆಲ್‌ನಲ್ಲೂ ಆಗತ್ತೆ.

ಎಲ್ಲಾ ಬಾಣ ಒಂದೇ ಕಡೆಗೆ ಒಂದೇ ಉದ್ದ ಇದ್ರೆ ನೀಡಲ್ ಆಫ್‌ಸೆಟ್ ಹೋಗಿದೆ. ಬಾಣಗಳು ಸುಳಿ ಥರ ಸುತ್ತುತ್ತಿದ್ರೆ ಪೀಸ್ ತಿರುಗಿರೋದನ್ನ ಸರಿಯಾಗಿ ಹಿಡಿದಿಲ್ಲ, ಒಂದು ಫಿಡುಶಿಯಲ್ ತಪ್ಪು ಹುಡುಕಿರತ್ತೆ, ಹೆಚ್ಚಾಗಿ ಪಕ್ಕದ ವಯಾನೋ (ಬೋರ್ಡಿನ ಪದರ ಜೋಡಿಸೋ ಸಣ್ಣ ತೂತು) ಸ್ಕ್ರೂ ಹೋಲನ್ನೋ ಫಿಡುಶಿಯಲ್ ಅನ್ಕೊಂಡಿರತ್ತೆ. ಮಧ್ಯದಿಂದ ಹೊರಕ್ಕೆ ಹೋದ ಹಾಗೆ ಬಾಣ ಉದ್ದ ಆಗ್ತಾ ಹೋದ್ರೆ ಸ್ಕೇಲ್, ಅಂದ್ರೆ ಕ್ಯಾಲಿಬ್ರೇಷನ್ ಅಥವಾ ಟೆಂಪರೇಚರ್. ಹೆಡ್ ಎಡದಿಂದ ಬಂದಾಗ ಬಲಕ್ಕೆ, ಬಲದಿಂದ ಬಂದಾಗ ಎಡಕ್ಕೆ ಅಂದ್ರೆ ವಾಲ್ವ್ ತಡವಾಗಿ ತೆರೀತಿದೆ, ಅದಕ್ಕೆ ಉಲ್ಟಾ ಅಂದ್ರೆ ಹೆಡ್ ಓಡಿಸೋ ಸ್ಕ್ರೂನಲ್ಲಿ ಆಟ ಇದೆ. ಹೆಡ್ 100 ಎಂಎಂ ಪ್ರತಿ ಸೆಕೆಂಡಿಗೆ ಓಡ್ತಾ ಜೆಟ್ ಮಾಡ್ತಿದ್ರೆ (ಗ್ಲೂ ಚಿಮ್ಮಿಸ್ತಿದ್ರೆ) 1 ಮಿಲಿಸೆಕೆಂಡ್ ತಡ ಅಂದ್ರೂ 0.1 ಎಂಎಂ ಹೋಯ್ತು. ಟ್ರೇನಲ್ಲಿ ಮೂರನೇ ಜಾಗದ ಪೀಸ್‌ಗಳು ಮಾತ್ರ ಕೆಟ್ಟಿದ್ರೆ ಆ ನೆಸ್ಟಿನ (ಪೀಸ್ ಕೂರೋ ಗುಂಡಿ) ಲೊಕೇಟಿಂಗ್ ಪಿನ್ ನೋಡಿ, ಸವೆದಿರತ್ತೆ. ಯಾವ ಲೆಕ್ಕಕ್ಕೂ ಸಿಗದೆ ಒಂದೊಂದು ಒಂದೊಂದು ಕಡೆ ಚೆದುರಿದ್ರೆ ಮಾತ್ರ ಗ್ಲೂ ಕಡೆ, ನೀಡಲ್ ಟೈಟ್ ಇದೆಯಾ ಅನ್ನೋ ಕಡೆ, ಲೈಟ್ ಕಡೆ ಹೋಗಿ.

ಬರೀ ಎನ್‌ಜಿ ಅಂತ ಕೆಂಪು ಲೈಟ್ ಹತ್ತಿದ್ರೆ ಇವ್ಯಾವೂ ಗೊತ್ತಾಗಲ್ಲ. ಅಷ್ಟು ದುಡ್ಡು ಹಾಕಿ ಕ್ಯಾಮೆರಾ ತಂದು, ಅದು ಹೇಳ್ತಿರೋದ್ರಲ್ಲಿ ಕಾಲು ಭಾಗ ಕೇಳ್ಕೊಂಡು ಮಿಕ್ಕಿದ್ದು ಬಿಟ್ಟುಬಿಡೋದು ನೋಡಿದ್ರೆ ನನಗೆ ನಿಜಕ್ಕೂ ಬೇಜಾರಾಗತ್ತೆ.

ಬೆಳಗ್ಗೆ ಸರಿ ಇರತ್ತೆ, ಮಧ್ಯಾಹ್ನ ಜರುಗತ್ತೆ. ಯಾಕೆ?

ಶೀಟ್ ಮಾಡಿನ ಶೆಡ್ಡಾ? ಹಾಗಾದ್ರೆ ಬಿಸಿ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಒಂದು ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗತ್ತೆ, ಸ್ಟೀಲ್ ಅದರ ಅರ್ಧದಷ್ಟು. ಬೆಳಗ್ಗೆ 22 ಡಿಗ್ರಿ ಇದ್ದದ್ದು ಏಪ್ರಿಲ್ ಮಧ್ಯಾಹ್ನ ಒಳಗೆ 30 ಆದ್ರೆ 400 ಎಂಎಂ ಅಲ್ಯೂಮಿನಿಯಂ ಪ್ಲೇಟ್ 70 ಮೈಕ್ರಾನ್‌ಗಿಂತ ಜಾಸ್ತಿ ಬೆಳೀತು. ಬೆಂಗಳೂರು ತಂಪು ಊರು ಅನ್ನೋ ಮಾತನ್ನ ಶೆಡ್ ಒಳಗೆ ನಂಬಬೇಡಿ. ಇಡೀ ಶೆಡ್‌ಗೆ ಏಸಿ ಹಾಕೋಕಾಗದೇ ಇದ್ರೆ ಪ್ರತಿ ಪೀಸ್‌ನಲ್ಲೂ ಫಿಡುಶಿಯಲ್ ನೋಡಿ, ಗಂಟೆಗೊಂದು ಸಲ ರೆಫರೆನ್ಸ್ ಪ್ಲೇಟ್ ನೋಡಿ. ಕರೆಂಟ್ ಹೋಗಿ ಬಂದ ಮೇಲೂ ಅರ್ಧ ಗಂಟೆ ಮೆಷಿನ್ ಬಿಸಿಯಾಗೋಕೆ ಬಿಟ್ಟು ಆಮೇಲೆ ಆಫ್‌ಸೆಟ್ ತೆಗೀರಿ.

ಗ್ಲೂ ಕೂಡ ಬದಲಾಗತ್ತೆ. ಡಿಸೆಂಬರಲ್ಲಿ ಜೇನುತುಪ್ಪದ ಬಾಟಲಿ ಬಗ್ಗಿಸಿ ಕಾಯ್ತೀವಲ್ಲ ಹಾಗೆ, ಚಳಿಗೆ ಗ್ಲೂ ಗಟ್ಟಿ, ಬಾಲ ಉದ್ದ, ಹೆಡ್ ಮೇಲೆದ್ದು ಮುಂದಿನ ಡಾಟಿಗೆ ಹೊರಟಾಗ ಬಾಲ ಅದರ ಹಿಂದೆ ಹೋಗಿ ಬೀಳತ್ತೆ. ಎರಡು ಭಾಗದ ಎಪಾಕ್ಸಿ ಆದ್ರೆ ಮಿಕ್ಸ್ ಮಾಡಿದ ಮೇಲೆ ಹೊತ್ತು ಹೋದ ಹಾಗೆ ಗಟ್ಟಿಯಾಗ್ತಾನೇ ಇರತ್ತೆ. ಬಾಣಗಳೆಲ್ಲಾ ಮುಂದಿನ ಡಾಟಿನ ಕಡೆ ತಿರುಗಿದ್ರೆ ಇದೇ ಕಾರಣ. ಹೆಡ್ ಮೊದಲು ನೇರ ಮೇಲಕ್ಕೆ ಹೋಗಿ ಬಾಲ ಕಡಿದ ಮೇಲೆ ಪಕ್ಕಕ್ಕೆ ಹೋಗೋ ಹಾಗೆ ಮಾಡಿ.

ಡಾಟ್ ಅಲ್ಲ, ಬೀಡ್ (ಗ್ಲೂ ಗೆರೆ) ಎಳೀತೀವಿ. ಅದಕ್ಕೂ ಇದೇನಾ?

ಬೀಡಲ್ಲಿ ಸೆಂಟರ್ ಅನ್ನೋದಿಲ್ಲ, ಎರಡು ಅಂಚು ಹುಡುಕಿ ನಡುಗೆರೆ ತೆಗೆದು ಡ್ರಾಯಿಂಗ್ ದಾರಿಗೆ ಅಡ್ಡ ಎಷ್ಟು ದೂರ ಅಂತ ಅಳೀಬೇಕು, ಅಗಲವನ್ನೂ ಜೊತೆಗೇ ನೋಡ್ಬೇಕು. ಶುರು, ಕೊನೆ, ಮೂಲೆ ಈ ಮೂರು ಜಾಗಕ್ಕೆ ಬೇರೆ ಲಿಮಿಟ್ ಇಡಿ. ಮೂಲೆಯಲ್ಲಿ ಹೆಡ್ ನಿಧಾನ ಆಗತ್ತೆ, ಗ್ಲೂ ಅದೇ ರಭಸದಲ್ಲಿ ಬರ್ತಿರತ್ತೆ, ದಪ್ಪ ಆಗೇ ಆಗತ್ತೆ. ಗ್ಯಾಸ್ಕೆಟ್ ಥರದ ಸುತ್ತು ಬೀಡಲ್ಲಿ ಶುರು ಕೊನೆ ಕೂಡೋ ಜಾಗದಲ್ಲೇ ಲೀಕ್ ಆಗೋದು, ಅಲ್ಲಿ ಎರಡು ಫೋಟೋ ಜಾಸ್ತಿ ತೆಗೀರಿ.

ಓಡ್ತಾನೇ ಫೋಟೋ ತೆಗೀಬಹುದಾ?

ತೆಗೀಬಹುದು. 200 ಎಂಎಂ ಪ್ರತಿ ಸೆಕೆಂಡ್ ವೇಗ, 100 ಮೈಕ್ರೋಸೆಕೆಂಡ್ ಎಕ್ಸ್‌ಪೋಷರ್ ಅಂದ್ರೆ 20 ಮೈಕ್ರಾನ್ ಮಸುಕು. ಸ್ಟ್ರೋಬ್ (ಕ್ಷಣ ಮಾತ್ರ ಮಿಂಚೋ ಲೈಟ್) ಹಾಕಿ 20 ಮೈಕ್ರೋಸೆಕೆಂಡಿಗೆ ಇಳಿಸಿದ್ರೆ 4 ಮೈಕ್ರಾನ್. ಟ್ರಿಗರ್ ಎನ್‌ಕೋಡರಿಂದ (ಹೆಡ್ ಎಲ್ಲಿದೆ ಅಂತ ಹೇಳೋ ಸೆನ್ಸರ್) ಬರ್ಲಿ, ಟೈಮರಿಂದ ಬೇಡ.

ಗ್ಲೂ ಎಷ್ಟು ಬಿತ್ತು ಅಂತಾನೂ ಕ್ಯಾಮೆರಾ ಹೇಳತ್ತಾ?

ಇಲ್ಲ. ಮೇಲಿಂದ ನೋಡೋ ಕ್ಯಾಮೆರಾಗೆ ಅಗಲ ಮಾತ್ರ ಕಾಣತ್ತೆ, ಎತ್ತರ ಕಾಣಲ್ಲ. ತೂಕದ ಸ್ಕೇಲ್ ಅಥವಾ ಲೇಸರ್ ಹೈಟ್ ಸೆನ್ಸರ್ ಬೇಕು. ಗ್ಲೂ ಹರಡೋದೂ ಇದೆಯಲ್ಲ, ಅದಕ್ಕೆ ಡಾಟ್ ಬಿದ್ದು ಎಷ್ಟು ಹೊತ್ತಿಗೆ ಫೋಟೋ ತೆಗೀತೀರೋ ಆ ಹೊತ್ತು ಪ್ರತಿ ಪೀಸಿಗೂ ಒಂದೇ ಇರ್ಲಿ.

ಕ್ಯಾಮೆರಾ ಅಳತೇನೇ ನಂಬಬಹುದು ಅಂತ ಹೇಗೆ ತೋರಿಸೋದು? ಆಡಿಟರ್ ಕೇಳ್ತಾರೆ.

ಗೇಜ್ ಆರ್ ಅಂಡ್ ಆರ್ ಮಾಡಿ, ಅಂದ್ರೆ ಅದೇ ಪೀಸ್‌ಗಳನ್ನ ಮತ್ತೆ ಮತ್ತೆ, ಬೇರೆ ಬೇರೆ ಜನ ಅಳೆದ್ರೆ ಅಳತೆ ಎಷ್ಟು ಬದಲಾಗತ್ತೆ ಅನ್ನೋ ಪರೀಕ್ಷೆ. ಹತ್ತು ಪೀಸ್, ಮೂರು ಜನ, ಮೂರು ಸಲ, ಒಟ್ಟು 90 ಅಳತೆ. ಆಟೋಮೋಟಿವ್ ಕಡೆ ಎಐಎಜಿ (ಅಮೆರಿಕದ ವಾಹನ ಉದ್ಯಮದ ಸಂಘ) ಪುಸ್ತಕದ ಪ್ರಕಾರ ಅಳತೆಯ ತಪ್ಪು 10 ಪರ್ಸೆಂಟ್ ಒಳಗೆ ಬಂದ್ರೆ ಚೆನ್ನಾಗಿದೆ, 30 ದಾಟಿದ್ರೆ ಆಗಲ್ಲ, ನಡುವೆ ಇದ್ರೆ ಕೆಲಸದ ಮೇಲೆ ನಿರ್ಧಾರ. ಬಟನ್ ಯಾರು ಒತ್ತಿದ್ರೂ ಕ್ಯಾಮೆರಾ ಒಂದೇ ಅಲ್ವಾ ಅಂತ ಕೇಳ್ತಾರೆ, ನಿಜ, ಆದ್ರೆ ಪೀಸನ್ನ ಫಿಕ್ಸ್ಚರಲ್ಲಿ ಕೂರಿಸೋ ಕೈ ಬೇರೆ ಬೇರೆ. ಅದಕ್ಕೇ ಪ್ರತಿ ಸಲ ಪೀಸ್ ತೆಗೆದು ಮತ್ತೆ ಇಡಿ, ಹಾಗೇ ಬಿಟ್ಟು 90 ಸಲ ಫೋಟೋ ತೆಗೆದ್ರೆ ಅದು ಆರ್ ಅಂಡ್ ಆರ್ ಅಲ್ಲ. ಇನ್ನೊಂದು, ಹಾಕಿ ಕ್ಯೂರ್ ಆಗಿರೋ ಪೀಸ್‌ಗಳನ್ನೇ ಬಳಸಿ, ಹಸಿ ಗ್ಲೂ ಅಳೆಯೋ ಹೊತ್ತಿಗೆ ಹರಡ್ತಾ ಇರತ್ತೆ.

ಪ್ರತಿ ಪೀಸಿನ ತಪ್ಪನ್ನೂ ಮುಂದಿನ ಪೀಸಿಗೆ ಆಟೋಮ್ಯಾಟಿಕ್ ತಿದ್ದಿದ್ರೆ?

ಕೇಳೋಕೆ ಚೆನ್ನಾಗಿದೆ, ಮಾಡಿದ್ರೆ ಹಾಳಾಗತ್ತೆ. ಕ್ವಾಲಿಟಿ ತಜ್ಞ ಡೆಮಿಂಗ್ ಅವರು ಫನೆಲ್ (ಆಲಿಕೆ) ಪ್ರಯೋಗದಲ್ಲಿ ತೋರಿಸಿದ್ದು ಇದನ್ನೇ, ತನ್ನಷ್ಟಕ್ಕೆ ಅಲ್ಲಿ ಇಲ್ಲಿ ಚೆದುರೋದನ್ನ ಪ್ರತಿ ಸಲ ಅಷ್ಟಕ್ಕಷ್ಟೇ ತಿದ್ದಿದ್ರೆ ಚೆದುರುವಿಕೆ ಕಮ್ಮಿ ಆಗಲ್ಲ, ವೇರಿಯನ್ಸ್ (ಚೆದುರುವಿಕೆಯ ಅಳತೆ) ಎರಡರಷ್ಟಾಗತ್ತೆ. ಇಪ್ಪತ್ತು ಪೀಸಿನ ಸರಾಸರಿ ತಗೊಳ್ಳಿ, ಅದು ಒಂದು ಮಿತಿ ದಾಟಿದ್ರೆ ಮಾತ್ರ ಅರ್ಧದಷ್ಟು ತಿದ್ದಿ. ತಿದ್ದುಪಡಿ ಒಟ್ಟು 50 ಮೈಕ್ರಾನ್ ಮೀರಿದ್ರೆ ಮೆಷಿನ್ ನಿಲ್ಲಿಸಿ ಮನುಷ್ಯರನ್ನ ಕರೀಲಿ, ಯಾಕಂದ್ರೆ ಆಗ ಏನೋ ಮುರಿದಿದೆ ಅಂತ.

ಎಐ ಹಾಕಿದ್ರೆ ಇದೆಲ್ಲಾ ಬೇಡ್ವಲ್ಲ?

ಗ್ಲೂ ಇದೆಯಾ ಇಲ್ವಾ, ಗಾಳಿ ಗುಳ್ಳೆ ಇದೆಯಾ, ಚೆಲ್ಲಿದೆಯಾ, ಇಂಥದ್ದಕ್ಕೆ ಡೀಪ್ ಲರ್ನಿಂಗ್ ತುಂಬಾ ಚೆನ್ನಾಗಿ ಕೆಲಸ ಮಾಡತ್ತೆ. ಎಷ್ಟು ಮೈಕ್ರಾನ್ ಆಚೆ ಅನ್ನೋದಕ್ಕೆ ಇವತ್ತಿಗೂ ಎಡ್ಜ್ ಹುಡುಕಿ ವೃತ್ತ ಕೂರಿಸೋ ಹಳೇ ವಿಧಾನವೇ ನನ್ನ ಆಯ್ಕೆ, ತಪ್ಪಿದ್ರೆ ಯಾಕೆ ತಪ್ತು ಅಂತ ಕಾಣತ್ತೆ. ಓಪನ್‌ಸಿವಿ ಅನ್ನೋ ಇಮೇಜ್ ಸಾಫ್ಟ್‌ವೇರ್ ಫ್ರೀ, ಕಲಿಯೋ ಹುಡುಗರು ಎಸ್‌ಪಿ ರೋಡಲ್ಲಿ ಒಂದು ಯುಎಸ್‌ಬಿ ಕ್ಯಾಮೆರಾ, ಒಂದು ರಿಂಗ್ ಲೈಟ್ ತಗೊಂಡು ಮನೇಲೇ ಫೆವಿಕಾಲ್ ಡಾಟ್ ಹಾಕಿ ಸೆಂಟರ್ ಹುಡುಕೋಕೆ ಶುರು ಮಾಡಬಹುದು, ಹಾಗೆ ಕಲಿತವರು ಲೈನಿಗೆ ಬಂದಾಗ ಬೇಗ ಹಿಡ್ಕೋತಾರೆ.

ಒಳ್ಳೆ ಪೀಸನ್ನೂ ರಿಜೆಕ್ಟ್ ಮಾಡತ್ತೆ ಅಂತ ಆಪರೇಟರ್‌ಗಳು ಬೈಪಾಸ್ ಒತ್ತುತ್ತಾರೆ. ಏನು ಮಾಡೋದು?

ಅವರನ್ನ ಬೈಬೇಡಿ, ಅವರು ಹೇಳೋದು ಬಹಳ ಸಲ ನಿಜ. ಬೈಪಾಸ್ ಆದ ಪೀಸ್‌ಗಳ ಫೋಟೋ ಒಂದು ವಾರ ಒಂದು ಫೋಲ್ಡರಿಗೆ ಹಾಕಿಸಿ, ಶನಿವಾರ ಆಪರೇಟರ್ ಪಕ್ಕದಲ್ಲೇ ಕೂತು ಒಂದೊಂದಾಗಿ ನೋಡಿ. ಯಾವುದು ಲೈಟಿಂದ, ಯಾವುದು ಲಿಮಿಟ್ ಬಿಗಿಯಾಗಿದ್ದರಿಂದ, ಯಾವುದು ನಿಜವಾಗ್ಲೂ ಕೆಟ್ಟದ್ದು ಅಂತ ಅರ್ಧ ಗಂಟೇಲಿ ಗೊತ್ತಾಗತ್ತೆ. ಮಷೀನ್ ಮುಂದೆ ದಿನಾ ಎಂಟು ಗಂಟೆ ನಿಲ್ಲೋರಿಗೆ ಗೊತ್ತಿರೋದು ನಮಗೆ ವಾರಕ್ಕೊಂದು ಸಲ ಹೋದ್ರೆ ಗೊತ್ತಾಗಲ್ಲ.

ಎಲ್ಲಾ ಫೋಟೋ ಇಟ್ಕೋಬೇಕಾ?

5 ಮೆಗಾಪಿಕ್ಸೆಲ್ ಮೊನೊ ಫೋಟೋ ಕಂಪ್ರೆಸ್ ಮಾಡದೆ 5 ಎಂಬಿ, ದಿನಕ್ಕೆ 2000 ಫೋಟೋ ಅಂದ್ರೆ 10 ಜಿಬಿ. ಎನ್‌ಜಿ ಫೋಟೋ ಎಲ್ಲಾ ಇಡಿ, ಓಕೆ ಆದದ್ರಲ್ಲಿ ಐವತ್ತಕ್ಕೊಂದು ಇಡಿ. ಎಕ್ಸ್, ವೈ, ಟೈಮ್, ನೆಸ್ಟ್ ನಂಬರ್, ನೀಡಲ್ ಯಾವಾಗ ಬದಲಾಯ್ತು, ಗ್ಲೂ ಬ್ಯಾಚ್, ಟೆಂಪರೇಚರ್ ಇವು ಮಾತ್ರ ಪ್ರತಿ ಪೀಸಿಂದೂ ಇಡಿ, ಇಡೀ ವರ್ಷದ್ದು ಒಂದು ಪೆನ್‌ಡ್ರೈವಲ್ಲಿ ಹಿಡಿಯತ್ತೆ.